ಬಾವಿಯ ಹಗ್ಗ ಒಳಗೆ ಹೋದ ಮೇಲೆ

ಕಾರವಾರದ ಕೋಡಿಬಾಗದ ಕಟಿಂಗ್ ಅಂಗಡಿಯಲ್ಲಿ ಭಾನುವಾರ ನನ್ನ ಪಾಳಿ ಬರುವಷ್ಟರಲ್ಲಿ ಎರಡು ಮೂರು ದೇಶಗಳ ಹಣೆಬರಹ ತೀರ್ಮಾನವಾಗಿರುತ್ತದೆ. ಮೊನ್ನೆಯೂ ಹಾಗೇ. ಟೀವಿಯಲ್ಲಿ ಯಾವುದೋ ಊರಿನ ಮೇಲೆ ಬಾಂಬು ಬೀಳುತ್ತಿತ್ತು, ಸ್ಟುಡಿಯೋದಲ್ಲಿ ಕೂತ ಯಾರೋ ಒಬ್ಬರು ಜಿನೀವಾ ಒಪ್ಪಂದ, ಅಂದರೆ ಯುದ್ಧದಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ದೇಶದೇಶಗಳ ಕಾನೂನು, ಅಂತ ಬಾಯಿ ತೆರೆದರು. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಯುದ್ಧಕ್ಕೆ ಎಂತಾ ಕಾನೂನು ಮಾರಾಯ್ರೇ? ಹೊಡೆಯೂದು ಅಂದ್ಮೇಲೆ ಹೊಡೆಯೂದೇ" ಅಂದರು. ಆಗ ನನ್ನ ಗಂಟಲ ಮೇಲೆ ಕತ್ತಿ ಇತ್ತು. ಅಂಥ ಹೊತ್ತಲ್ಲಿ ವಾದಕ್ಕೆ ಇಳಿಯಬಾರದು. ಹೂಂ ಅಂದೆ. ಮನೆಗೆ ಬಂದು ಬಂಗಡೆ ಸಾರಿನಲ್ಲಿ ಉಂಡು ಮಲಗಿದರೂ ಆ ಹೂಂ ಜೀರ್ಣವಾಗಲಿಲ್ಲ. ಅದಕ್ಕೇ ಈ ಉದ್ದದ ಬರಹ. ಪುರುಸೊತ್ತಿದ್ದವರು ಓದಿ.

ಮೊದಲು ನಮ್ಮ ಕಣ್ಣೆದುರಿಗೇ ಇರುವುದನ್ನು ಹೇಳುತ್ತೇನೆ. ಬಿಣಗಾದ ಕಡೆಯಿಂದ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಕಾಣುವ ಅಂಜದೀವ್ ದ್ವೀಪ. ಕೂಗಿದರೆ ಕೇಳುವಷ್ಟು ಹತ್ತಿರ ಅನ್ನಿಸುತ್ತದೆ, ಆದರೆ ನಕ್ಷೆಯಲ್ಲಿ ಅದು ಗೋವಾದ್ದು. 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ನವೆಂಬರಿನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಮೀನಿಗೆ ಹೋದವನೊಬ್ಬನೂ ಗುಂಡಿಗೆ ಸತ್ತ. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆಯ ತ್ರಿಶೂಲ್ ಮತ್ತು ಮೈಸೂರ್ ಹಡಗುಗಳಿಂದ ನಾವಿಕರು ದ್ವೀಪಕ್ಕೆ ಇಳಿದರು. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತ್ತು, ಅದನ್ನು ನಂಬಿ ಹತ್ತಿರ ಹೋದವರ ಮೇಲೆ ಗುಂಡಿನ ಮಳೆ ಬಿತ್ತು ಅನ್ನುವುದು ನಮ್ಮ ನೌಕಾಪಡೆಯ ದಾಖಲೆ. ಏಳು ಜನ ನಾವಿಕರು ಸತ್ತರು. ಆಮೇಲೆ ಹಡಗಿನ ತೋಪುಗಳು ಮಾತಾಡಿದವು. ಮಾರನೇ ದಿನ ದ್ವೀಪ ನಮ್ಮದಾಯಿತು.

ಬಿಳಿ ಬಾವುಟವನ್ನು ಮೋಸಕ್ಕೆ ಬಳಸಬಾರದು ಅಂತ ಯುದ್ಧದ ರೀತಿನೀತಿ ಹೇಳುವ 1907ರ ಹೇಗ್ ನಿಯಮಾವಳಿಯಲ್ಲೇ ಬರೆದಿದೆ. ಕಟಿಂಗ್ ಅಂಗಡಿಯ ಲೆಕ್ಕದಲ್ಲಿ ಇದು ಪುಸ್ತಕದ ಬದನೆಕಾಯಿ. ಆದರೆ ಆ ನಿಯಮ ಯಾರನ್ನು ಕಾಯುತ್ತದೆ ನೋಡಿ. ಒಂದು ಸಲ ಬಿಳಿ ಬಾವುಟದ ಹಿಂದಿನಿಂದ ಗುಂಡು ಬಂತು ಅಂದರೆ, ಮುಂದಿನ ಸಲ ನಿಜವಾಗಿ ಶರಣಾಗಲು ಬಂದವನನ್ನೂ ಯಾರೂ ನಂಬುವುದಿಲ್ಲ. ಸೋತವನಿಗೆ ಬದುಕುವ ದಾರಿಯೇ ಮುಚ್ಚುತ್ತದೆ. ಸಾಯುವುದೇ ಗ್ಯಾರಂಟಿ ಅಂತಾದವನು ಕೊನೇ ಗುಂಡಿನವರೆಗೂ ಹೊಡೆದಾಡುತ್ತಾನೆ, ಅಲ್ಲಿಗೆ ಗೆಲ್ಲುವವನ ಕಡೆಯೂ ಹೆಣ ಹೆಚ್ಚುತ್ತದೆ. ಇದನ್ನು ಬರೆದವರು ಸಾಧುಗಳಲ್ಲ. ಯುದ್ಧ ಮಾಡಿ ಮಾಡಿ ಬುದ್ಧಿ ಕಲಿತ ದೇಶಗಳವರು.

ಅದೇ ಗೋವಾದಲ್ಲಿ ಇನ್ನೊಂದು ಸಂಗತಿ. ಲಿಸ್ಬನ್ನಿನಿಂದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಕಳಿಸಿದ ಆಜ್ಞೆ ಕೊನೇ ಮನುಷ್ಯನವರೆಗೆ ಹೋರಾಡಿ ಅಂತ. ಗವರ್ನರ್ ಜನರಲ್ ಆಗಿದ್ದ ವಸ್ಸಾಲೊ ಇ ಸಿಲ್ವ ಅದನ್ನು ಪಾಲಿಸದೆ ಡಿಸೆಂಬರ್ 19ಕ್ಕೆ ಶರಣಾದ. ಊರಿಗೆ ಮರಳಿದ ಮೇಲೆ ಅವನನ್ನು ಸೈನ್ಯದಿಂದಲೇ ಕಿತ್ತುಹಾಕಿದರು. ನಮ್ಮ ನೆಂಟರು ಕಾಣಕೋಣ, ಮಡಗಾಂವದಲ್ಲೆಲ್ಲ ಇದ್ದಾರೆ. ಆ ಮನುಷ್ಯ ಆಜ್ಞೆ ಪಾಲಿಸಿದ್ದರೆ ಅವರಲ್ಲಿ ಎಷ್ಟು ಮನೆತನ ಉಳಿಯುತ್ತಿತ್ತೋ.

ಈಗ ಮಾವನ ಕತೆಗೆ ಬರುತ್ತೇನೆ.

ನನ್ನ ಸೋದರಮಾವ ಸೈನ್ಯದಲ್ಲಿ ಸ್ಯಾಪರ್ ಆಗಿದ್ದ. ಪುಣೆಯ ಖಡಕಿಯಲ್ಲಿ ತರಬೇತಿ. ಸ್ಯಾಪರ್ ಅಂದರೆ ಸೇತುವೆ ಕಟ್ಟುವವರು, ರಸ್ತೆ ಮಾಡುವವರು, ನೆಲದಲ್ಲಿ ಹುಗಿದ ಮೈನ್ ತೆಗೆಯುವವರು. ಕಾರವಾರ ಬೀಚಿನಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆಯಲ್ಲ, ಅಲ್ಲಿಗೆ ಹೋದರೆ ಮಾವ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ. ನಮ್ಮ ಚೆಂಡಿಯಾದ ರಾಣೆಯವರು 1948ರ ಏಪ್ರಿಲ್‌ನಲ್ಲಿ ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ನಿಲ್ಲು, ನಡೆ ಅಂತ ಸನ್ನೆ ಕೊಡುತ್ತ ದಾರಿ ಬಿಡಿಸಿದವರು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. ಸ್ಯಾಪರುಗಳ ಪಾಲಿಗೆ ದೇವರು. ಬೀಚಿಗೆ ಬಂದವರು ಪ್ರತಿಮೆಯ ಕಟ್ಟೆ ಮೇಲೆ ಕೂತು ಚುರುಮುರಿ ತಿನ್ನುವುದನ್ನು ಕಂಡರೆ ಮಾವನಿಗೆ ಮೈಯೆಲ್ಲ ಉರಿ.

ಮಾವ 1987ರಲ್ಲಿ ಶ್ರೀಲಂಕಾಕ್ಕೆ ಹೋದ. ಆ ವರ್ಷ ಜುಲೈ 29ಕ್ಕೆ ಕೊಲಂಬೋದಲ್ಲಿ ನಮ್ಮ ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. (ಅದಕ್ಕೆ ಒಂಬತ್ತು ತಿಂಗಳ ಹಿಂದಷ್ಟೇ, 1986ರ ಅಕ್ಟೋಬರ್ 24ಕ್ಕೆ, ಇದೇ ರಾಜೀವ್ ಗಾಂಧಿ ನಮ್ಮಲ್ಲಿಗೆ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿ ಹೋಗಿದ್ದರು.) ತಮಿಳರಿಗೆ ಬೇರೆ ದೇಶ ಬೇಕು ಅಂತ ಲಂಕಾ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ತಮಿಳು ಹುಲಿಗಳು ಆಯುಧ ಒಪ್ಪಿಸಬೇಕು, ಲಂಕಾ ಸರ್ಕಾರ ಪ್ರಾಂತ್ಯಗಳಿಗೆ ಅಧಿಕಾರ ಕೊಡಬೇಕು, ನಡುವೆ ನಿಂತು ಭಾರತದ ಶಾಂತಿಪಡೆ ನೋಡಿಕೊಳ್ಳಬೇಕು. ಕಾಗದದ ಮೇಲೆ ಚೆಂದ. ಆದರೆ ಆಯುಧ ಒಪ್ಪಿಸಬೇಕಾದ ಹುಲಿಗಳ ಸಂಘಟನೆ ಎಲ್‌ಟಿಟಿಇ ಆ ಕಾಗದಕ್ಕೆ ಸಹಿಯನ್ನೇ ಹಾಕಿರಲಿಲ್ಲ. ಸಹಿ ಹಾಕಿದ ಮಾರನೇ ದಿನ ರಾಜೀವ್ ಗಾಂಧಿ ಗೌರವ ವಂದನೆ ಸ್ವೀಕರಿಸುವಾಗ ಸಿಂಹಳ ನಾವಿಕನೊಬ್ಬ ಬಂದೂಕಿನ ಹಿಡಿಕೆಯಿಂದ ಬೀಸಿ ಹೊಡೆದ. ತಮಿಳರ ಹೋರಾಟಗಾರರಿಗೂ ಬೇಡ, ಸಿಂಹಳರಿಗೂ ಬೇಡ. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಮೂರನೆಯವನು ಅಂಗಳಕ್ಕೆ ಇಳಿದ ಹಾಗೆ.

ಮಾವ ಇದನ್ನೆಲ್ಲ ರಾಜಕೀಯವಾಗಿ ಹೇಳುವವನಲ್ಲ. ಅವನು ಹೇಳುವುದು ಒಂದು ಬಾವಿಯ ಬಗ್ಗೆ. ಜಾಫ್ನಾದ ಹೊರಗೆ ಅವರ ತುಕಡಿ ದಿನಾ ಬೆಳಿಗ್ಗೆ ತಪಾಸಣೆ ಮಾಡುತ್ತಿದ್ದ ರಸ್ತೆ. ಎರಡೂ ಬದಿಗೆ ತಾಳೆಮರ, ಕೆಂಪು ಮಣ್ಣು, ಒಣಗಿದ ತಾಳೆಗರಿಯಿಂದ ಕಟ್ಟಿದ ಬೇಲಿ. "ನಮ್ಮ ಗಂಗಾವಳಿ ಆಚೆ ಊರುಗಳ ಹಾಗೇ ಇತ್ತು ತಮಾ, ಮರ ಮಾತ್ರ ಬೇರೆ." ರಸ್ತೆ ಪಕ್ಕದ ಮನೆಯೊಂದರಲ್ಲಿ ಒಬ್ಬಳು ಅಜ್ಜಿ. ಮನೆ ಮುಂದೆ ಬಾವಿ, ಬಾವಿಕಟ್ಟೆಯ ಮೇಲೆ ಹಗ್ಗ ಕಟ್ಟಿದ ಕೊಡಪಾನ. ಹೋದ ಹೊಸತರಲ್ಲಿ ಊರವರು ಇವರಿಗೆ ಹಾರ ಹಾಕಿದ್ದರಂತೆ, ಎಳನೀರು ಕೊಟ್ಟಿದ್ದರಂತೆ. ಅಜ್ಜಿಯೇ ನೀರು ಸೇದಿ ಇವರ ಬಾಟಲಿಗೆ ತುಂಬುತ್ತಿದ್ದಳಂತೆ. ಸೆಪ್ಟೆಂಬರಿನಲ್ಲಿ ಅವಳು ಹೊರಗೆ ಬರುವುದು ನಿಂತಿತು. ಹಗ್ಗ, ಕೊಡಪಾನ ಕಟ್ಟೆಯ ಮೇಲೇ ಇರುತ್ತಿದ್ದವು, ಇವರೇ ಸೇದಿಕೊಳ್ಳುತ್ತಿದ್ದರು. ಅಕ್ಟೋಬರಿನಲ್ಲಿ ಹುಲಿಗಳ ಜೊತೆ ಯುದ್ಧವೇ ಶುರುವಾಯಿತು. ಆಮೇಲೆ ಆ ರಸ್ತೆಗೆ ಹೋದಾಗ ಕಟ್ಟೆ ಖಾಲಿ. ಹಗ್ಗ, ಕೊಡಪಾನ ಎರಡೂ ಮನೆಯೊಳಗೆ.

"ಅವತ್ತೇ ನನಗೆ ಗೊತ್ತಾಯ್ತು, ಈ ರಸ್ತೆಯಲ್ಲಿ ಇನ್ನು ಮೈನ್ ಎಲ್ಲಿದೆ ಅಂತ ಯಾರೂ ಹೇಳೂದಿಲ್ಲಾ."

ದೊಡ್ಡ ದೊಡ್ಡ ವರದಿಗಳಲ್ಲಿ ಇದಕ್ಕೆ ಉದ್ದದ ಹೆಸರುಗಳಿವೆ. ನನಗೆ ಮಾವನ ಮಾತು ಸಾಕು. ಹೊರಗಿನಿಂದ ಬಂದ ಸೈನ್ಯಕ್ಕೆ ನೆಲದ ಗುಟ್ಟು ಗೊತ್ತಿರುವುದಿಲ್ಲ. ಯಾವ ಮನೆಗೆ ಯಾರು ಹೊಸಬರು ಬಂದಿದ್ದಾರೆ, ಯಾವ ಸಂಕದ ಕೆಳಗೆ ರಾತ್ರಿ ಅಗೆದ ಸದ್ದು ಕೇಳಿತು, ಇದನ್ನೆಲ್ಲ ಊರವರು ಹೇಳಬೇಕು. ಊರವರು ಬಾಯಿ ಮುಚ್ಚಿದರೆ ಟ್ಯಾಂಕು, ಹೆಲಿಕಾಪ್ಟರು ಎಲ್ಲ ಕುರುಡು. 1987ರ ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಇಳಿದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಅಲ್ಲೇ ಸತ್ತರು, ಒಬ್ಬ ಸೆರೆಯಾದ. ಇವರು ಬರುವುದು ಹುಲಿಗಳಿಗೆ ಮೊದಲೇ ಗೊತ್ತಿತ್ತು.

ಹತ್ತು ದಿನ ಕಳೆದು, ದೀಪಾವಳಿಯ ದಿನ, ಅಕ್ಟೋಬರ್ 21ಕ್ಕೆ, ಜಾಫ್ನಾ ಆಸ್ಪತ್ರೆಯ ಒಳಗೆ ಶಾಂತಿಪಡೆಯ ಗುಂಡಿಗೆ ರೋಗಿಗಳು, ನರ್ಸುಗಳು, ವೈದ್ಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಹುಲಿಗಳು ಗುಂಡು ಹಾರಿಸಿದರು, ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿ ಸತ್ತರು ಅಂತ ನಮ್ಮವರ ವಾದ. ಬದುಕುಳಿದವರು ಹೇಳಿದ್ದು ಬೇರೆಯೇ. ನಾನು ದೇಶಭಕ್ತನೇ, ಆದರೆ ಇದನ್ನು ಬಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಜಿನೀವಾ ಒಪ್ಪಂದ ಆಸ್ಪತ್ರೆಯ ಬಗ್ಗೆ ಕಣ್ಣು ಮುಚ್ಚಿ ಮಾತಾಡಿಲ್ಲ. ಶತ್ರು ಆಸ್ಪತ್ರೆಯನ್ನು ಹೊಡೆದಾಟಕ್ಕೆ ಬಳಸಿದರೆ ಅದಕ್ಕಿರುವ ರಕ್ಷಣೆ ಹೋಗಬಹುದು, ಆದರೆ ಮೊದಲು ಎಚ್ಚರಿಕೆ ಕೊಡಬೇಕು, ಸಮಯ ಕೊಡಬೇಕು, ಅದಕ್ಕೂ ಬಗ್ಗದಿದ್ದರೆ ಮಾತ್ರ. ರಕ್ಷಣೆ ಹೋದ ಮೇಲೂ ಮಂಚದ ಮೇಲಿನ ರೋಗಿ ರೋಗಿಯೇ. ಮಾವನನ್ನು ಈ ಆಸ್ಪತ್ರೆಯ ಬಗ್ಗೆ ಒಂದೇ ಸಲ ಕೇಳಿದ್ದೇನೆ. "ನಾ ಅಲ್ಲಿರಲಿಲ್ಲಾ" ಅಂದ, ಎದ್ದು ತೆಂಗಿನಕಾಯಿ ಸುಲಿಯಲು ಹೋದ. ಮನೆಯಲ್ಲಿ ಅವತ್ತು ಕಾಯಿ ಬೇಕಾಗಿಯೇ ಇರಲಿಲ್ಲ.

ಕೆಲವೇ ಸಾವಿರದಿಂದ ಶುರುವಾದ ಶಾಂತಿಪಡೆ ಲಕ್ಷದ ಹತ್ತಿರಕ್ಕೆ ಬೆಳೆಯಿತು. ಸಾವಿರದ ನೂರಕ್ಕೂ ಹೆಚ್ಚು ನಮ್ಮ ಸೈನಿಕರು ಸತ್ತರು. ಕರೆದ ಜಯವರ್ಧನೆ ಹೋಗಿ ಪ್ರೇಮದಾಸ ಅಧ್ಯಕ್ಷರಾದರು. ಅವರು ನೀವು ಹೊರಡಿ ಅಂದರು, ಅಷ್ಟೇ ಅಲ್ಲ, ನಮ್ಮವರ ವಿರುದ್ಧ ಬಳಸಲು ಹುಲಿಗಳಿಗೇ ಆಯುಧ ಕೊಟ್ಟರು. 1990ರ ಮಾರ್ಚ್ 24ಕ್ಕೆ ಕೊನೇ ತುಕಡಿ ಹಡಗು ಹತ್ತಿತು. ಮದ್ರಾಸ್ ಬಂದರಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಯಾವ ಜನರನ್ನು ಉಳಿಸಲು ಹೋದರೋ ಅದೇ ಜನರನ್ನು ಕೊಂದು ಬಂದರು ಅನ್ನುವ ಸಿಟ್ಟು ಆಗ ತಮಿಳುನಾಡಿನಲ್ಲಿತ್ತು. ಹುಲಿಗಳಲ್ಲಿ ಎಷ್ಟೋ ಜನರಿಗೆ ಮೊದಲು ತರಬೇತಿ ಕೊಟ್ಟದ್ದೂ ನಾವೇ ಅನ್ನುವುದನ್ನು ನೆನೆದರೆ ತಲೆ ಕೆಡುತ್ತದೆ.

ಹೋಗಿದ್ದು ಒಳ್ಳೇದಕ್ಕೇ. ನನಗೆ ಅದರಲ್ಲಿ ಅನುಮಾನ ಇಲ್ಲ. ಈ ಬರಹದಲ್ಲಿ ನನಗೆ ಹೇಳಬೇಕಾದದ್ದು ಇರುವುದೇ ಇಲ್ಲಿ: "ನಾವು ಒಳ್ಳೇದಕ್ಕೆ ಬಂದವರು" ಅನ್ನುವ ನಂಬಿಕೆಯಷ್ಟು ಅಪಾಯದ್ದು ಸೈನಿಕನ ಚೀಲದಲ್ಲಿ ಬೇರೇನೂ ಇಲ್ಲ. ಲೂಟಿಗೆ ಬಂದವನಿಗೆ ತಾನು ಕಳ್ಳ ಅಂತ ಗೊತ್ತಿರುತ್ತದೆ. ಉಪಕಾರಕ್ಕೆ ಬಂದವನು ಹಾಗಲ್ಲ. ಒಂದು ಬಾಗಿಲು ಒದ್ದರೂ ಇವರ ಒಳ್ಳೇದಕ್ಕೆ ಅನ್ನುತ್ತಾನೆ, ಒಬ್ಬನನ್ನು ಕಟ್ಟಿಹಾಕಿ ಹೊಡೆದರೂ ಇವರ ಒಳ್ಳೇದಕ್ಕೆ. ಜನ ಥ್ಯಾಂಕ್ಸ್ ಹೇಳದಿದ್ದರೆ ಇವರಿಗೇ ಸಿಟ್ಟು.

ಯುದ್ಧದ ಕಾನೂನು ಮಾಡಿದವರಿಗೆ ಈ ರೋಗ ಗೊತ್ತಿತ್ತು. ಅದಕ್ಕೇ ಅವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟರು. ಯುದ್ಧಕ್ಕೆ ಹೋಗಬಹುದೋ ಇಲ್ಲವೋ ಅನ್ನುವುದು ಒಂದು. ಅದಕ್ಕೆ ವಿಶ್ವಸಂಸ್ಥೆಯ ಸನ್ನದು ಇದೆ: ಆತ್ಮರಕ್ಷಣೆಗೆ, ಇಲ್ಲವೇ ಭದ್ರತಾ ಮಂಡಳಿ ಒಪ್ಪಿದರೆ. ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಇನ್ನೊಂದು. ಅದಕ್ಕೆ ಹೇಗ್, ಜಿನೀವಾ. ಈ ಎರಡನೆಯದಕ್ಕೆ ನಿಮ್ಮ ಕಾರಣ ಒಳ್ಳೆಯದೋ ಕೆಟ್ಟದ್ದೋ ಬೇಕಾಗಿಲ್ಲ. ಧರ್ಮರಾಯನ ಸೈನ್ಯಕ್ಕೂ ಕೌರವನ ಸೈನ್ಯಕ್ಕೂ ಒಂದೇ ನಿಯಮ. ನಮ್ಮ ತಾಳಮದ್ದಳೆ ಕೇಳಿದವರಿಗೆ ಇದು ಹೊಸತಲ್ಲ. ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆದಾಗ ಬಲರಾಮನಿಗೆ ಸಿಟ್ಟು ಬರುವುದು ಪಾಂಡವರ ಪಕ್ಷ ತಪ್ಪು ಅಂತಲ್ಲ, ಹೊಕ್ಕುಳ ಕೆಳಗೆ ಹೊಡೆದದ್ದು ತಪ್ಪು ಅಂತ. ಒಳ್ಳೆಯ ಅರ್ಥಧಾರಿ ಸಿಕ್ಕರೆ ಬಲರಾಮನ ಆ ಸಿಟ್ಟಿಗೇ ಬೆಳಗಾಗುತ್ತದೆ.

2003ರಲ್ಲಿ ಅಮೆರಿಕ, ಬ್ರಿಟನ್ ನುಗ್ಗಿ ಹಿಡಿದ ಇರಾಕಿಗೆ ಬನ್ನಿ. ಹೇಗ್ ನಿಯಮಾವಳಿಯ 43ನೇ ಕಲಮು, ಇನ್ನೊಬ್ಬರ ದೇಶವನ್ನು ಹಿಡಿದುಕೊಂಡವನು ಅಲ್ಲಿನ ಶಾಂತಿ, ಜನಜೀವನ ಸರಿಯಾಗುವ ಹಾಗೆ ನೋಡಿಕೊಳ್ಳಬೇಕು, ತೀರಾ ಅಸಾಧ್ಯವಾಗದ ಹೊರತು ಆ ದೇಶದಲ್ಲಿ ಮೊದಲಿದ್ದ ಕಾನೂನನ್ನೇ ಗೌರವಿಸಬೇಕು ಅನ್ನುತ್ತದೆ. ಅಂದರೆ, ನೀನು ಬಾಡಿಗೆದಾರ, ಗೋಡೆ ಒಡೆಯಬೇಡ. 2003ರ ಮೇ 22ಕ್ಕೆ ಭದ್ರತಾ ಮಂಡಳಿ 1483ನೇ ನಿರ್ಣಯದಲ್ಲಿ ಅಮೆರಿಕ, ಬ್ರಿಟನ್ ಎರಡನ್ನೂ ಇರಾಕನ್ನು ಹಿಡಿದುಕೊಂಡ ಶಕ್ತಿಗಳು ಅಂತ ಗುರುತಿಸಿ, ಹೇಗ್ ಮತ್ತು ಜಿನೀವಾ ನಿಯಮ ಪಾಲಿಸಿ ಅಂತ ಹೇಳಿತು. ಮಾರನೇ ದಿನವೇ, ಮೇ 23ಕ್ಕೆ, ಬಾಗ್ದಾದಿನಲ್ಲಿ ಕೂತ ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಇರಾಕಿನ ಇಡೀ ಸೈನ್ಯವನ್ನು ವಜಾ ಮಾಡಿದರು. ಅದಕ್ಕೆ ಒಂದು ವಾರ ಮೊದಲು ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲಿನ ಸ್ತರದವರನ್ನೆಲ್ಲ ಸರ್ಕಾರಿ ಕೆಲಸದಿಂದ ಹೊರಗೆ ಹಾಕಿ ಆಗಿತ್ತು. ಲಕ್ಷಗಟ್ಟಲೆ ಗಂಡಸರು, ಬಂದೂಕು ಹಿಡಿಯಲು ಕಲಿತವರು, ಒಂದೇ ದಿನದಲ್ಲಿ ಸಂಬಳವಿಲ್ಲದೆ ಬೀದಿಗೆ ಬಂದರು. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ. 2004ರಲ್ಲಿ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಇರಾಕಿ ಕೈದಿಗಳನ್ನು ಹಿಂಸಿಸಿದ ಫೋಟೋಗಳೂ ಹೊರಬಂದವು. ಒಂದೊಂದು ಫೋಟೋವೂ ಎದುರಾಳಿಗಳಿಗೆ ಪುಕ್ಕಟೆ ಭರ್ತಿ ಮೇಳ.

ಆ 43ನೇ ಕಲಮು ಮೆತ್ತನೆ ಮನಸ್ಸಿನವರ ಉಪದೇಶ ಅಂತ ಇನ್ನೂ ಅನ್ನಿಸುತ್ತದೆಯೇ? ನನಗಂತೂ ಅದು ಹಳೇ ಮೇಸ್ತ್ರಿ ಹೇಳುವ ಬುದ್ಧಿಮಾತಿನ ಹಾಗೆ ಕಾಣುತ್ತದೆ. ಈ ಕಂಬ ತೆಗೆದರೆ ಮಾಡು ಕುಸಿಯುತ್ತದೆ ಅಂತ.

ಅಫ್ಘಾನಿಸ್ತಾನದ ಬಗ್ಗೆ ಕಡಿಮೆ ಹೇಳುತ್ತೇನೆ, ಎಲ್ಲರೂ ನೋಡಿದ್ದೇ. 2021ರ ಆಗಸ್ಟ್ 15, ಧ್ವಜಾರೋಹಣ ಮುಗಿಸಿ ಬಂದು ಟೀವಿ ಹಾಕಿದರೆ ಕಾಬೂಲ್ ಬೀಳುತ್ತಿತ್ತು. ಅಮೆರಿಕ ಇಪ್ಪತ್ತು ವರ್ಷ ಕಟ್ಟಿದ ಅಫ್ಘಾನ್ ಸೈನ್ಯ ತಾಲಿಬಾನ್ ಎದುರು ಕೆಲವೇ ದಿನಗಳಲ್ಲಿ ಕರಗಿತು. 2020ರ ಫೆಬ್ರವರಿ 29ಕ್ಕೆ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದ ಮಾಡಿಕೊಂಡಾಗ ಕಾಬೂಲಿನ ಸರ್ಕಾರ ಆ ಮೇಜಿನ ಹತ್ತಿರವೂ ಇರಲಿಲ್ಲ. ಮನೆ ಮಾರುವಾಗ ಮನೆ ಯಜಮಾನನನ್ನೇ ಕರೆಯದಿದ್ದರೆ, ಆ ಯಜಮಾನನಿಗಾಗಿ ಯಾರು ಪ್ರಾಣ ಕೊಡುತ್ತಾರೆ? ರಷ್ಯನ್ನರು 1989ರ ಫೆಬ್ರವರಿ 15ಕ್ಕೆ ಹೊರಟ ಮೇಲೂ ಅವರು ಬಿಟ್ಟುಹೋದ ಅಧ್ಯಕ್ಷ ನಜೀಬುಲ್ಲಾ ಮೂರು ವರ್ಷ ತಡೆದಿದ್ದರು, ಮಾಸ್ಕೋದಿಂದ ಹಣ, ಎಣ್ಣೆ ನಿಂತ ಮೇಲೆ ಬಿದ್ದರು. ಅಮೆರಿಕದವರದ್ದು ಅಷ್ಟೂ ನಡೆಯಲಿಲ್ಲ.

ಹಾಗಾದರೆ ಹೊರಗಿನ ಸೈನ್ಯ ಹೋದದ್ದೆಲ್ಲ ಸೋತಿದೆಯೇ? ಇಲ್ಲ. 1988ರ ನವೆಂಬರ್ 3ಕ್ಕೆ ಮಾಲ್ದೀವ್ಸ್ ಅಧ್ಯಕ್ಷ ಗಯೂಮ್ ಸಹಾಯ ಬೇಡಿದರು, ಅದೇ ರಾತ್ರಿ ಆಗ್ರಾದಿಂದ ಹಾರಿದ ನಮ್ಮ ಪ್ಯಾರಾಟ್ರೂಪರುಗಳು ಮಾಲೆಯಲ್ಲಿ ಇಳಿದು ದಂಗೆ ಅಡಗಿಸಿದರು. ಮಾವ ಜಾಫ್ನಾದಲ್ಲಿ ಮೈನ್ ಹುಡುಕುತ್ತಿದ್ದ ಕಾಲದಲ್ಲೇ. ಸೈನ್ಯ ಅದೇ, ಸರ್ಕಾರ ಅದೇ. ಕೆಲಸ ಮಾತ್ರ ಚಿಕ್ಕದು, ಖಚಿತವಾದದ್ದು.

1971ರ ಬಾಂಗ್ಲಾದೇಶದ ಯುದ್ಧ ಇನ್ನೂ ದೊಡ್ಡ ಉದಾಹರಣೆ. ಢಾಕಾದಲ್ಲಿ ಡಿಸೆಂಬರ್ 16ಕ್ಕೆ ಪಾಕಿಸ್ತಾನದ ಜನರಲ್ ನಿಯಾಜಿ ಸಹಿ ಹಾಕಿದ ಶರಣಾಗತಿ ಪತ್ರ ಒಂದೇ ಪುಟದ್ದು. ಅದರಲ್ಲಿ, ಶರಣಾದವರನ್ನು ಜಿನೀವಾ ಒಪ್ಪಂದದ ಪ್ರಕಾರ ಸೈನಿಕರಿಗೆ ಸಲ್ಲಬೇಕಾದ ಘನತೆ, ಗೌರವದಿಂದ ನೋಡಿಕೊಳ್ಳುತ್ತೇವೆ ಅಂತ ನಾವು ಬರೆದುಕೊಟ್ಟಿದ್ದೇವೆ. ಸುಮಾರು 93,000 ಜನ ಸೆರೆಯಾದರು. ಸೆರೆ ಸಿಕ್ಕರೆ ಕೊಲ್ಲುತ್ತಾರೆ ಅಂತಿದ್ದರೆ ಢಾಕಾದ ಗಲ್ಲಿಗಲ್ಲಿಯಲ್ಲಿ ಎಷ್ಟು ವಾರ ಹೊಡೆದಾಟ ನಡೆಯುತ್ತಿತ್ತು ಅಂತ ಕಟಿಂಗ್ ಅಂಗಡಿಯವರು ಲೆಕ್ಕ ಹಾಕಲಿ. ಮುಖ್ಯವಾಗಿ, ಅದು ಮೊದಲಿಗೆ ಅಲ್ಲಿನವರ ಯುದ್ಧ. ಬಂಗಾಳಿಗಳದ್ದೇ ಪಡೆ ಮುಕ್ತಿವಾಹಿನಿ ತಿಂಗಳುಗಟ್ಟಲೆ ಹೋರಾಡಿತ್ತು, ನಾವು ಕೊನೆಗೆ ಭುಜ ಕೊಟ್ಟೆವು. ಹೊಸ ದೇಶದ ನಾಯಕ ಮುಜೀಬ್ ಸೈನ್ಯ ಹಿಂದೆ ಕರೆಸಿಕೊಳ್ಳಿ ಅಂತ ಕೇಳಿದರು, ಮಾರ್ಚ್ ಮಧ್ಯದೊಳಗೆ ನಮ್ಮ ಸೈನ್ಯ ವಾಪಸ್. ಮೂರು ತಿಂಗಳು. ಹಗ್ಗ, ಕೊಡಪಾನ ಒಳಗೆ ಹೋಗುವುದಕ್ಕೆ ಮೊದಲು ಎದ್ದು ಬಂದದ್ದು.

ಒಂದು ಮುಳ್ಳಿನ ಪ್ರಶ್ನೆ ಉಳಿಯುತ್ತದೆ, ಅದನ್ನು ನಾನೇ ಎತ್ತುತ್ತೇನೆ, ಇಲ್ಲದಿದ್ದರೆ ಕೆಳಗೆ ಯಾರಾದರೂ ಎತ್ತುತ್ತೀರಿ. ನಿಯಮ ಮುರಿದು ಗೆದ್ದವರೂ ಇದ್ದಾರಲ್ಲ? ಇದ್ದಾರೆ. ಅದೇ ಲಂಕಾದಲ್ಲಿ 2009ರ ಮೇ ತಿಂಗಳಿಗೆ ಲಂಕಾ ಸೈನ್ಯ ಹುಲಿಗಳನ್ನು ಮುಗಿಸಿತು. ಕೊನೇ ತಿಂಗಳುಗಳಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಹುಲಿಗಳೂ ಜನರನ್ನು ಗುರಾಣಿ ಮಾಡಿಕೊಂಡಿದ್ದರು. ಗೆಲುವು ಗೆಲುವೇ, ಇಲ್ಲ ಅನ್ನಲಾರೆ. ಇದರ ಬಗ್ಗೆ ಮಾವನನ್ನು ಕೇಳಿದೆ, ನಿಮ್ಮಿಂದ ಆಗದ್ದನ್ನು ಅವರು ಮಾಡಿದರಲ್ಲ ಅಂತ. ಅಡಿಕೆ ಕತ್ತರಿಸುತ್ತ ಕೂತಿದ್ದ. ತಲೆ ಎತ್ತದೆ ಹೇಳಿದ, "ಅವರಿಗೆ ವಾಪಸ್ ಹೋಗೂಕೆ ಬೇರೆ ಊರಿತ್ತೇನಾ? ನಮಗೆ ರಜೆ ಇತ್ತು ತಮಾ. ಎರಡು ತಿಂಗಳು ರಜೆ, ರೈಲು ವಾರಂಟು, ಹುಬ್ಬಳ್ಳಿಗೆ ಇಳಿದು ಬಸ್ಸು. ರಜೆ ಇದ್ದವರು ಅಲ್ಲಿ ಗೆಲ್ಲೂದಿಲ್ಲಾ."

ಮುಂದಿನ ಭಾನುವಾರ ಕಟಿಂಗ್ ಅಂಗಡಿಗೆ ಇದನ್ನೆಲ್ಲ ತೆಗೆದುಕೊಂಡು ಹೋಗುವ ಧೈರ್ಯ ನನಗಿಲ್ಲ. ಅಲ್ಲಿ ಯಾರೂ ಹೊಡೆದಾಡಲು ಹೋದವರಲ್ಲ, ನಾನೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಜಾಫ್ನಾಕ್ಕೆ ಹೋಗಿ ಬಂದವರು ಎಷ್ಟೋ ಜನ ಇದ್ದಾರೆ, ಹೆಚ್ಚಿನವರಿಗೆ ವಯಸ್ಸಾಗಿದೆ. ನಿಮ್ಮ ಮನೆಯಲ್ಲಿದ್ದರೆ ಕೇಳಿ ಬರೆದಿಡಿ. ಯುದ್ಧದ ಬಗ್ಗೆ ಕೇಳಬೇಡಿ, ಹೇಳುವುದಿಲ್ಲ. ನೀರು ಎಲ್ಲಿಂದ ತರುತ್ತಿದ್ದಿರಿ, ಊಟ ಏನಿತ್ತು ಅಂತ ಶುರು ಮಾಡಿ.

ನಾನೂ ಹಾಗೇ ಶುರು ಮಾಡಿದ್ದು. ಬಾವಿಯ ಅಜ್ಜಿಯ ಕತೆ ಮುಗಿದ ಮೇಲೆ ಅವಳ ಹೆಸರೇನು ಮಾವ ಅಂದೆ. ಬಹಳ ಹೊತ್ತು ನೆನಪು ಮಾಡಿಕೊಂಡ.

"ಕೇಳ್ಲೇ ಇಲ್ಲಾ" ಅಂದ. "ನಮ್ಮ ತುಕಡಿಯಲ್ಲಿ ತಮಿಳು ಬರ್ತಿದ್ದವರು ಯಾರೂ ಇರಲಿಲ್ಲಾ."